ಕಡಲ ಕಡೆಯ ಕಿಟಕಿ

ತಾರಿಬಾಗಿಲಿನ ಮೀನುಗಾರರು ಕಡಲಿಗೆ ಹೋಗುವ ಮುಂಚೆ ಆಕಾಶ ನೋಡುತ್ತಿದ್ದರು, ನೀರಿನ ಬಣ್ಣ ನೋಡುತ್ತಿದ್ದರು, ಕೊನೆಗೆ ಗುಲಾಬಿಯ ಮನೆಯ ಕಿಟಕಿ ನೋಡುತ್ತಿದ್ದರು. ಆಕಾಶವೂ ನೀರೂ ಈಚಿನ ದಶಕಗಳಲ್ಲಿ ಸುಳ್ಳು ಹೇಳಲು ಕಲಿತಿದ್ದವು. ಕಿಟಕಿ ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಹೊಳೆ ಕಡಲು ಸೇರುವ ಅಳಿವೆಯ ತಿರುವಿನಲ್ಲೇ ಆ ಮನೆ. ನೀರಿನಡಿ ಮರಳಿನ ದಿಬ್ಬ ಇದ್ದುದರಿಂದ ಪ್ರತಿ ದೋಣಿಯೂ ಅಲ್ಲಿ ಎಂಜಿನ್ ತಗ್ಗಿಸಿ ನಿಧಾನವಾಗಿ ತಿರುಗಲೇಬೇಕು. ತಿರುಗುವಾಗ ಚುಕ್ಕಾಣಿ ಹಿಡಿದವನ ಕಣ್ಣು ನೇರವಾಗಿ ಕಿಟಕಿಯ ಮೇಲೆ ಬೀಳುತ್ತಿತ್ತು. ಒಂದು ಬಾಗಿಲಾದರೂ ತೆರೆದಿದ್ದರೆ ದೋಣಿ ಮುಂದೆ ಹೋಗುತ್ತಿತ್ತು. ಒದ್ದೆ ಮಾಡಿದ ಕರಿಕಂಬಳಿ ಇಳಿಬಿಟ್ಟಿದ್ದರೆ, ಒಳಗೆ ಗುಲಾಬಿ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಾಳೆ ಎಂದು ಅರ್ಥ. ದೋಣಿ ಮೀನಿಳಿಸುವ ಕಟ್ಟೆಯಾದ ದಕ್ಕೆಗೆ ಮರಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ತಿಳಿಯಾದ ಆಕಾಶದಿಂದ ಕಳ್ಳಗಾಳಿ ಎದ್ದು ಬಂದು ಕಡಲನ್ನು ಮಗುಚಿ ಹಾಕುತ್ತಿತ್ತು.

ಅವಳ ಅಜ್ಜನ ಕಾಲದಲ್ಲಿ ಇಂಥ ಗಾಳಿ ಇರಲಿಲ್ಲ. ಕಡಲು ಬಿಸಿಯಾದ ಮೇಲೆ ಹುಟ್ಟಿದ್ದು ಅದು. ಒಂದು ಊರಿನಗಲ, ಒಂದು ಊಟದ ಹೊತ್ತಿನಷ್ಟು ಆಯುಸ್ಸು. ಮೋಡವಿಲ್ಲ, ಮಿಂಚಿಲ್ಲ. ಉಪಗ್ರಹದ ಕಣ್ಣಿಗೆ ಬೀಳುವಷ್ಟರಲ್ಲಿ ಕೆಲಸ ಮುಗಿಸಿ ಹೋಗಿರುತ್ತಿತ್ತು. ಆದರೆ ಹುಟ್ಟುವಾಗ ಅದು ಒಂದು ಸದ್ದು ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಕಿವಿಗೆ ಕೇಳದಷ್ಟು ತಗ್ಗಿನ ಸದ್ದು. ಯಂತ್ರಗಳಿಗೆ ಅದು ಕೇಳುತ್ತಿತ್ತು, ಆದರೆ ದಡಕ್ಕೆ ಬಡಿಯುವ ಅಲೆಯ ಮೊರೆತದಿಂದ ಅದನ್ನು ಬೇರೆ ಮಾಡಲು ಅವುಗಳಿಗೆ ಬರುತ್ತಿರಲಿಲ್ಲ. ಕೆಲವರ ಮಿದುಳಿಗೆ ಬರುತ್ತಿತ್ತು. ತೀವ್ರ ತಲೆನೋವಿನ ಕೆಲವರಲ್ಲಿ ಆ ಸದ್ದು ಮುಟ್ಟಿದೊಡನೆ ಮಿದುಳಿನ ಮೇಲ್ಪದರದಲ್ಲಿ ಒಂದು ಅಲೆ ಏಳುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಅರಿಶಿನದ ಕಲೆ ಹಬ್ಬುವ ಹಾಗೆ ಅದು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಹಬ್ಬುತ್ತಿತ್ತು. ಹಬ್ಬಿ ಮುಗಿದ ಮೇಲೆ ನೋವು. ನೋವಿನ ಹಿಂದೆ ಗಾಳಿ.

ಊರಿನವರಿಗೆ ಇದು ಮೊದಲೇ ಗೊತ್ತಿತ್ತು. ಗುಲಾಬಿ ಲಂಗ ಉಡುವ ಹುಡುಗಿಯಾಗಿದ್ದಾಗ ಅವಳ ಅಬ್ಬಿ, ಅಂದರೆ ತಾಯಿ, ಬೆಳಕು ತಡೆಯಲೆಂದು ಕಿಟಕಿಗೆ ಕಂಬಳಿ ಕಟ್ಟಿದ್ದಳು. ಕಂಬಳಿ ಕಂಡ ದಿನವೇ ಗಾಳಿ ಬರುವುದನ್ನು ಮೀನುಗಾರರು ಗುರುತಿಸಿದರು. ವಿಜ್ಞಾನಿಗಳು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಗುಡ್ಡದ ಮೇಲೆ ಮುನ್ಸೂಚನಾ ಕೇಂದ್ರ ಕಟ್ಟಿದರು. ಕರಾವಳಿಯ ಉದ್ದಕ್ಕೂ ಹುಡುಕಿ, ಇಂಥ ತಲೆನೋವಿನವರು ಬೆರಳೆಣಿಕೆಯಷ್ಟು ಮಂದಿ ಸಿಕ್ಕಾಗ ಅವರ ತಲೆಗೆ ರಬ್ಬರಿನ ತೆಳು ಪಟ್ಟಿ ಕಟ್ಟಿದರು. ಕೇಂದ್ರದ ಕಾಗದಗಳಲ್ಲಿ ಅವರಿಗೆ ಸಂವೇದಿಗಳೆಂದು ಹೆಸರು. ಊರುಗಳಲ್ಲಿ ‘ತಲೆಯವರು’ ಎನ್ನುತ್ತಿದ್ದರು.

ಕೇಂದ್ರದ ದೊಡ್ಡ ಪರದೆಯ ಮೇಲೆ ಒಬ್ಬೊಬ್ಬರದು ಒಂದೊಂದು ಗೆರೆ. ಅಲೆ ಏಳದಿದ್ದರೆ ಹಸಿರು, ಎದ್ದರೆ ಕೆಂಪು. ಬೆಳಗಿನ ಪಾಳಿಯಲ್ಲಿ ಆ ಗೆರೆಗಳನ್ನು ಕಾಯುತ್ತಿದ್ದವಳು ಸುಕನ್ಯಾ ಶೇರುಗಾರ್. ಹಗಲು ಅಂಗಡಿಯಲ್ಲಿ ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಓದಿ ಈ ಹುದ್ದೆಗೆ ಬಂದವಳು. ತನಗಿಂತ ಹೆಚ್ಚು ಓದಿದವರ ನಡುವೆ ತಪ್ಪು ಮಾಡಿಬಿಟ್ಟೇನೋ ಎಂಬ ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ. ಕೆಂಪು ಕಂಡರೆ ತಾರಿಬಾಗಿಲಿಗೆ ಎಚ್ಚರಿಕೆ ಕಳಿಸಿ, ಕಳಿಸಿದ್ದು ತಲುಪಿತೇ ಎಂದು ಫೋನ್ ಮಾಡಿ, ಫೋನ್ ತೆಗೆದವನು ದೋಣಿಯವರಿಗೆ ಹೇಳಿದನೇ ಎಂದು ಮತ್ತೆ ಫೋನ್ ಮಾಡುತ್ತಿದ್ದಳು.

“ಕೇಂತ್ ಮಾರಾಯ್ತಿ,” ಎಂದು ದಕ್ಕೆಯಲ್ಲಿ ಫೋನ್ ತೆಗೆದವನು ನಗುತ್ತಿದ್ದ. “ನೀವ್ ಹೇಳುಕ್ ಮುಂಚೆ ನಾವ್ ಕಂಬ್ಳಿ ಕಂಡಾಯ್ತ್.”

ಗುಲಾಬಿಯ ಎಡಗಣ್ಣಿನ ಅಂಚು ಕತ್ತಲಾದದ್ದನ್ನು ಮೊದಲು ಕಂಡವಳು ಅವಳ ತಮ್ಮನ ಹೆಂಡತಿ ಕುಸುಮ. ಬಲೆ ರಿಪೇರಿಯಲ್ಲಿ ಗುಲಾಬಿಗೆ ಊರಿನಲ್ಲೇ ಹೆಸರಿತ್ತು. ನೋವಿನ ದಿನಗಳಲ್ಲಿ ಕೂಡ ಕತ್ತಲಲ್ಲಿ ಬೆರಳಿನಿಂದಲೇ ಬಲೆಯ ಹರಿದ ಕಣ್ಣು ಹುಡುಕಿ ಹೆಣೆಯುತ್ತಿದ್ದಳು. ಆ ವರ್ಷ, ಬೆಳಕಿನಲ್ಲಿ ಕುಳಿತು ಹೆಣೆದ ಬಲೆಯಲ್ಲೇ ಎಡಗಡೆಯ ಹರುಕುಗಳು ಹಾಗೇ ಉಳಿದಿದ್ದವು.

ಆಸ್ಪತ್ರೆಯಲ್ಲಿ ಡಾ. ಫ್ಲೇವಿಯಾ ಲೋಬೊ ಮಿದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೂದು ಬಣ್ಣದ ನಡುವೆ ಬಿಳಿ ಚುಕ್ಕೆಗಳು, ಗೋಡೆಗೆ ಸುಣ್ಣ ಹೊಡೆಯುವಾಗ ನೆಲಕ್ಕೆ ಸಿಡಿದ ಹನಿಗಳ ಹಾಗೆ.

“ಪ್ರತಿ ಸಲ ನೋವು ಬಂದಾಗಲೂ ಒಂದಿಷ್ಟು ಹೋಗುತ್ತಿದೆ ಗುಲಾಬಿ. ಈಗ ಕಣ್ಣಿನ ಅಂಚು. ಆಮೇಲೆ ಮಾತು ಹೋಗಬಹುದು, ಕೈ ಹೋಗಬಹುದು. ಇಷ್ಟು ದಿನ ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಈಗ ಮಾತ್ರೆ ಬಂದಿದೆ. ಇದು ನೋವು ಕೊಲ್ಲುವ ಮಾತ್ರೆ ಅಲ್ಲ. ನೋವು ಬರದ ಹಾಗೆ ಮಾಡುವುದು.”

“ಮಾತ್ರಿ ತಕಂಡ್ರೆ ಗಾಳಿ ಬಪ್ಪುದ್ ಗೊತ್ತಾತ್ತಾ ಡಾಕ್ಟ್ರೆ?”

ಡಾಕ್ಟರ್ ಚಿತ್ರವನ್ನು ಕೆಳಗಿಟ್ಟರು. ಅವರೂ ಕಡಲ ಊರಿನವರೇ.

“ಗೊತ್ತಾಗುವುದಿಲ್ಲ. ಈ ಮಾತ್ರೆ ಆ ಅಲೆಯನ್ನೇ ಏಳಗೊಡುವುದಿಲ್ಲ. ಅಲೆ ಇಲ್ಲದಿದ್ದರೆ ನೋವೂ ಇಲ್ಲ, ಸುಳಿವೂ ಇಲ್ಲ. ಒಂದನ್ನು ಇಟ್ಟುಕೊಂಡು ಒಂದನ್ನು ತೆಗೆಯಲು ಆಗುತ್ತದೆಯೇ ಎಂದು ನಾನೂ ಬಹಳ ಜನರನ್ನು ಕೇಳಿದೆ. ಆಗುವುದಿಲ್ಲ.”

ಮಾತ್ರೆಯ ಪೊಟ್ಟಣವನ್ನು ಗುಲಾಬಿ ಸೆರಗಿನ ತುದಿಗೆ ಕಟ್ಟಿಕೊಂಡು ಬಂದಳು. ಬಂದವಳು ಅದನ್ನು ದೇವರ ಪಟದ ಹಿಂದೆ ಇಟ್ಟಳು. ತೆಗೆಯಲಿಲ್ಲ.

ಕೇಂದ್ರಕ್ಕೂ ಸುದ್ದಿ ತಲುಪಿತು. ಅಧಿಕಾರಿ ಸುಕನ್ಯಾಳನ್ನು ಕರೆದು, “ಕಡಲತಳದಲ್ಲಿ ಹೊಸ ಉಪಕರಣ ಹಾಸುತ್ತೇವಲ್ಲ, ಅದು ಕೆಲಸ ಶುರು ಮಾಡಲು ಇನ್ನೊಂದು ವರ್ಷ ಬೇಕು. ಅಲ್ಲಿಯವರೆಗೆ ಗುಲಾಬಿ ಮಾತ್ರೆ ತೆಗೆದುಕೊಳ್ಳದೆ ತಡೆದಾರೇ ಎಂದು ಒಂದು ಮಾತು ಕೇಳಿ ನೋಡಮ್ಮ. ಒತ್ತಾಯ ಮಾಡಬೇಡ. ಆ ಹಕ್ಕು ನಮಗಿಲ್ಲ,” ಎಂದರು. ಅವರು ಕೆಟ್ಟವರಲ್ಲ. ಹೇಳುವಾಗ ಅವರ ಕಣ್ಣು ಪರದೆಯ ಮೇಲಿತ್ತು. ತಾರಿಬಾಗಿಲಿನ ಗೆರೆಯಷ್ಟು ಖಚಿತವಾದ ಗೆರೆ ಇನ್ನೊಂದಿರಲಿಲ್ಲ.

ಸುಕನ್ಯಾ ಗುಡ್ಡ ಇಳಿದು ಬಂದಾಗ ಕಿಟಕಿಗೆ ಕಂಬಳಿ ಬಿದ್ದಿತ್ತು. ಪರದೆಯ ಮೇಲೆ ಕೆಂಪು ಗೆರೆಯನ್ನು ಅವಳು ನೂರಾರು ಸಲ ಕಂಡಿದ್ದಳು. ಆ ಗೆರೆ ಇರುವ ಕೋಣೆಯನ್ನು ಕಂಡಿರಲಿಲ್ಲ. ಒಳಗೆ ಹೊಗೆ ಹಿಡಿದಂಥ ಕತ್ತಲು. ಗುಲಾಬಿ ಚಾಪೆಯ ಮೇಲೆ ಮೊಣಕಾಲು ಹೊಟ್ಟೆಗೊತ್ತಿ ಮುದುಡಿದ್ದಳು. ಕುಸುಮ ಬೋಗುಣಿ ಹಿಡಿದಿದ್ದಳು. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಆದರೂ ವಾಂತಿ ನಿಂತಿರಲಿಲ್ಲ. ಹೊರಗೆ ಗಾಳಿ ಹಂಚುಗಳನ್ನು ಕದಲಿಸುತ್ತಿತ್ತು. ಪ್ರತಿ ಹಂಚಿನ ಸದ್ದಿಗೂ ಆ ಹೆಂಗಸಿನ ಮೈ ಹೊಡೆತ ಬಿದ್ದಂತೆ ಕುಗ್ಗುತ್ತಿತ್ತು.

ಜಗಲಿಯಲ್ಲಿ ತಮ್ಮ ಅಣ್ಣಪ್ಪ ಬೀಡಿ ಹಚ್ಚದೆ ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದ. ಬೀಡಿಯ ವಾಸನೆಗೂ ಅಕ್ಕನ ತಲೆ ಸಿಡಿಯುತ್ತದೆ. ಅವನು ನಾಡದೋಣಿಯೊಂದರ ತಂಡೇಲ, ಅಂದರೆ ಅದರ ಯಜಮಾನಿಕೆ ಹೊತ್ತು ಚುಕ್ಕಾಣಿ ಹಿಡಿಯುವವನು. ತಲೆನೋವಿನವಳೆಂದು ಗಂಡ ಎರಡನೇ ಮಳೆಗಾಲಕ್ಕೇ ಗುಲಾಬಿಯನ್ನು ತವರಿಗೆ ತಂದುಬಿಟ್ಟು ಹೋದಾಗ, ತಾಯಿಮನೆಯಲ್ಲಿ ಅಕ್ಕನೇ ಯಜಮಾನಿ ಎಂದವನು ಅವನೇ.

“ಎಂತ ಕೇಂಬುಕೆ ಬಂದದ್ದ್ ಸುಕನ್ಯಕ್ಕ?” ಎಂದ.

“ಪಟ್ಟಿ ಸರಿಯಾಗಿ ಕೂತಿದೆಯಾ ಅಂತ ನೋಡಲು,” ಎಂದಳು ಸುಕನ್ಯಾ. ಕೇಂದ್ರಕ್ಕೆ ಮರಳಿ, “ಕೇಳಲು ಆಗಲಿಲ್ಲ ಸರ್,” ಎಂದು ಮಾತ್ರ ಹೇಳಿದಳು. ಅಧಿಕಾರಿ ತಲೆಯಾಡಿಸಿದರು.

ಅದೇ ಸಂಜೆ ನೋವು ಇಳಿದು ಗುಲಾಬಿ ಗಂಜಿಯ ಮುಂದೆ ಕುಳಿತಾಗ ಅಣ್ಣಪ್ಪ ದೇವರ ಪಟದ ಹಿಂದೆ ಕೈ ಹಾಕಿ ಪೊಟ್ಟಣ ತೆಗೆದ.

“ಇದ್ ಎಂತ, ದೇವ್ರಿಗ್ ತಲಿನೋವಾ?”

“ಸುಮ್ನಿರ್ ಅಣ್ಣಪ್ಪ.”

“ನಾ ಸುಮ್ನಿದ್ದದ್ದ್ ಸಾಕ್. ಡಾಕ್ಟ್ರ್ ಹೇಳಿದ್ದ್ ಕುಸುಮ ನಂಗೆ ಎಲ್ಲ ಹೇಳಿತ್ತ್.”

“ನಾ ತಕಂಡ್ರೆ ನಿಮ್ಗೆ ಯಾರ್ ಹೇಳುದ್? ಕಡ್ಲಿಗೆ ಹೋಪುದ್ ನೀನ್. ನಿನ್ ದೋಣಿ ಗೋಯಿಂದ. ಊರಿನ್ ಗಂಡಸ್ರೆಲ್ಲ.”

“ನಿನ್ ತಲಿ ಎಂತ ಸರ್ಕಾರದ್ ದೀಪಸ್ತಂಭವಾ, ಆರ್ಸೂಕೆ ಅರ್ಜಿ ಹಾಕ್ಕಾ? ಅಜ್ಜ ಹೋಯಿಲ್ಯಾ ಕಡ್ಲಿಗೆ? ಅವ್ರಿಗ್ ಯಾರ್ ಕಂಬ್ಳಿ ಕಟ್ಟಿದ್ದ್? ನೀರ್ ಕಾಂತ್, ಗಾಳಿ ಕಾಂತ್, ಕಂಡ್ಕಂಡ್ ಹೋಪ. ಸಮ ಇಲ್ಲದಿದ್ರೆ ಮನಿಯಂಗೆ ಬಿದ್ಕಂಬ.” ಅವನು ಮಾತ್ರೆಯನ್ನು ಉಗುರಿನಿಂದ ಎರಡು ಹೋಳು ಮಾಡಿ, ಅರ್ಧವನ್ನು ಅವಳ ಗಂಜಿ ಬಟ್ಟಲಿನ ಪಕ್ಕ ಇಟ್ಟ. “ನಾವ್ ಬಂಗ್ಡೆ ಮೀನ್ ತರೂಕೆ ನಿನ್ ತಲಿ ಒಡಿಯುದ್ ಬ್ಯಾಡ ಅಕ್ಕ. ಅಬ್ಬಿ ಇದ್ದಿದ್ರೂ ಇದೇ ಹೇಳ್ತಿತ್ತ್.”

ಗುಲಾಬಿ ಆ ಅರ್ಧ ಮಾತ್ರೆಯನ್ನು ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ತಿಳಿಹಳದಿ ಬಣ್ಣ, ಮುರಿದ ಅಂಚು ಒರಟು. ಕೊನೆಗೆ ನುಂಗಿದಳು. ತುಂಬ ನೀರು ಕುಡಿದಳು.

ಮೊದಲ ವಾರ ಅರ್ಧ, ಆಮೇಲೆ ಪೂರ್ತಿ, ಯಾವ ಕಾರಣಕ್ಕೂ ಒಮ್ಮೆಲೇ ನಿಲ್ಲಿಸಬಾರದು ಎಂದು ಡಾಕ್ಟರ್ ಹೇಳಿದ್ದರು. ಬೆರಳ ತುದಿಗಳು ಜುಮುಗುಟ್ಟಿದವು. ನೀರಿಗೆ ಕಬ್ಬಿಣದ ರುಚಿ ಬಂತು. ಹೊತ್ತಲ್ಲದ ಹೊತ್ತಿನಲ್ಲಿ ಆಕಳಿಕೆ ಬರುತ್ತಿತ್ತು. ಸೌಟು ಎನ್ನಲು ಹೋಗಿ ಹೆಸರು ಸಿಗದೆ ಕೈಯಲ್ಲಿ ತೋರಿಸುತ್ತಿದ್ದಳು. “ಅಕ್ಕ ಈಗ ದೊಡ್ಡವ್ರ ಹಾಂಗೆ ಕೈಸನ್ನೆ ಮಾಡ್ತ್ ಕಾಣಿ,” ಎಂದು ಕುಸುಮ ನಗುತ್ತಿದ್ದಳು. ನೋವು ಬರಲಿಲ್ಲ. ಬರುತ್ತದೆ, ಈಗ ಬರುತ್ತದೆ ಎಂದು ಕುತ್ತಿಗೆ ಬಿಗಿಹಿಡಿದು ಕಾಯುವ ಅಭ್ಯಾಸ ಮಾತ್ರ ಹೋಗಲಿಲ್ಲ. ಕಂಬಳಿಯನ್ನು ಮಡಚಿ ತಲೆದಿಂಬಿನಡಿ ಇಟ್ಟುಕೊಂಡೇ ಮಲಗುತ್ತಿದ್ದಳು.

ಸುಕನ್ಯಾ ತನ್ನ ಕೈಲಾದದ್ದನ್ನೆಲ್ಲ ಮಾಡಿದಳು. ಪಟ್ಟಿಯ ಗೆರೆ ಈಗ ದಿನವಿಡೀ ಹಸಿರಾಗಿಯೇ ಇರುತ್ತದೆ, ಅದನ್ನು ನೋಡಿದವರು ಕಡಲು ಶಾಂತ ಎಂದುಕೊಳ್ಳುತ್ತಾರೆ ಎಂಬುದು ಅವಳಿಗೆ ಮೊದಲ ದಿನವೇ ಹೊಳೆದಿತ್ತು. ಅಧಿಕಾರಿಯ ಹತ್ತಿರ ಹೋಗಿ, ಹಸಿರೂ ಅಲ್ಲದ ಕೆಂಪೂ ಅಲ್ಲದ ಮೂರನೆಯ ಬಣ್ಣ ಬೇಕು ಎಂದು ಹಟ ಹಿಡಿದು ಬೂದು ಬಣ್ಣ ಮಾಡಿಸಿದಳು. ಗೊತ್ತಿಲ್ಲ ಎನ್ನುವ ಬಣ್ಣ ಅದು. ಗುಲಾಬಿಯ ತಲೆಯ ಪಟ್ಟಿಯನ್ನು ಬಿಚ್ಚಿ ಕೇಂದ್ರಕ್ಕೆ ತಂದಳು. ದಕ್ಕೆಯ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದಳು. ತಾನೇ ಮೈಕು ಹಿಡಿದು ಹೇಳಿದಳು. “ಗುಲಾಬಕ್ಕ ಔಷಧಿ ಶುರು ಮಾಡಿದ್ದಾರೆ. ಇನ್ನು ಆ ಮನೆಯ ಕಿಟಕಿಗೂ ಗಾಳಿಗೂ ಸಂಬಂಧವಿಲ್ಲ. ದಯವಿಟ್ಟು ಕಿಟಕಿ ನೋಡಿ ಕಡಲಿಗೆ ಇಳಿಯಬೇಡಿ. ಪಕ್ಕದ ಊರುಗಳ ಎಚ್ಚರಿಕೆ ರೇಡಿಯೋದಲ್ಲಿ ಬರುತ್ತದೆ. ಅದು ಸ್ವಲ್ಪ ತಡವಾಗಿ ಬರಬಹುದು.”

“ಕೇಂಡಾಯ್ತ್, ನಾವ್ ಕೆಪ್ಪರಲ್ಲ,” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಅಣ್ಣಪ್ಪನೇ. “ಯಾರಾರೂ ನಮ್ಮನಿ ಕಿಟ್ಕಿ ಕಂಡ್ರೆ ಕಣ್ಣಿಗ್ ಉಪ್ಪ್ ಹಾಕ್ತೆ. ಪರ್ರ ಮನಿ ಹೆಂಗ್ಸ್ರನ್ ಕಾಂಬುಕೆ ನಾಚ್ಕಿ ಇಲ್ಯಾ?” ದಕ್ಕೆಯವರೆಲ್ಲ ನಕ್ಕರು.

ಅವರು ಒಪ್ಪಿಕೊಂಡರು. ಮನಸ್ಸಿನಿಂದಲೇ ಒಪ್ಪಿಕೊಂಡರು. ಒಂದು ಸಲ ತಂಗಾಳಿ ಸಮವಿಲ್ಲವೆಂದು ಅಣ್ಣಪ್ಪನೇ ದೋಣಿ ಹಿಂದಿರುಗಿಸಿದ. ಗಾಳಿ ಬರಲಿಲ್ಲ, ದಿನದ ದುಡಿಮೆ ಹೋಯಿತು, ಯಾರೂ ಬೈಯಲಿಲ್ಲ. ಇನ್ನೊಂದು ಸಲ ರೇಡಿಯೋ ಎಚ್ಚರಿಕೆ ಬಂತು, ಎಲ್ಲರೂ ಉಳಿದರು, ಗಾಳಿ ಬಂತು. ಹೀಗೂ ಬದುಕಬಹುದು ಎಂದು ಊರಿಗೆ ಅನ್ನಿಸತೊಡಗಿತು.

ಗುಲಾಬಿಗೆ ಏನಾಯಿತೆಂದು ಹೇಳುವುದು ಕಷ್ಟ. ನಡುಹರೆಯ ದಾಟಿದ ಹೆಂಗಸಿಗೆ ಬಿಸಿಲು ಹೊಸದಾಯಿತು. ಕುಸುಮಳ ಜೊತೆ ಮೀನು ಮಾರಲು ಪೇಟೆಗೆ ಹೋದಳು. ಬಸ್ಸಿನ ಹಾರ್ನ್ ಕೇಳಿ ಅಭ್ಯಾಸದಿಂದ ಕಿವಿ ಮುಚ್ಚಿಕೊಂಡು, ಏನೂ ಆಗದಿದ್ದಾಗ ಕೈ ತೆಗೆದು ಸುತ್ತ ನೋಡಿ ನಕ್ಕಳು. ಒಣಮೀನಿನ ವಾಸನೆಗೆ ಮೂಗು ಮುಚ್ಚಲಿಲ್ಲ. ಕನ್ನಡಿಯಲ್ಲಿ ಹುಬ್ಬುಗಳ ನಡುವಿನ ಆಳದ ಗೆರೆಯನ್ನು ಬೆರಳಿನಿಂದ ತೀಡಿ ನೋಡಿದಳು. ಹಾಗೆಂದು ಅದು ಬರೀ ಸುಖವೂ ಆಗಿರಲಿಲ್ಲ. ಮೊದಲೆಲ್ಲ ದೋಣಿ ಬಂದ ಕೂಡಲೇ ಒಳ್ಳೆಯ ಮೀನು ಎರಡು ಅವಳ ಜಗಲಿಗೆ ಬೀಳುತ್ತಿದ್ದವು. ಈಗ ಬೀಳುತ್ತಿರಲಿಲ್ಲ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಮರೆತಿದ್ದರು ಅಷ್ಟೇ. ತಾನು ಈಗ ಎಲ್ಲರ ಹಾಗೆ ಒಬ್ಬಳು ಎಂದು ಅವಳು ತನಗೇ ಹೇಳಿಕೊಂಡಳು.

ಮತ್ತೆ, ಕಿಟಕಿ ತೆರೆದಳು. ಮೊದಲು ನೋವಿಲ್ಲದ ದಿನಗಳಲ್ಲೂ ಒಂದು ಬಾಗಿಲನ್ನು ಅಂಗೈಯಗಲ ಸರಿಸುತ್ತಿದ್ದಳು, ಅಷ್ಟೇ. ಈಗ ಎರಡನ್ನೂ ಗೋಡೆಗೆ ತಾಗುವಂತೆ ತೆರೆದು, ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು, ಬಲೆ ಹೆಣೆಯುತ್ತಿದ್ದಳು. ಬೆಳಗಿನ ಕಡಲು ಅಷ್ಟು ಬೆಳ್ಳಗೆ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನೋಡಬೇಡಿರೆಂದು ದೋಣಿಯವರಿಗೆ ಸಾರಿ ಆಗಿತ್ತು. ತಾನು ನೋಡಬಾರದೆಂದು ಯಾರೂ ಹೇಳಿರಲಿಲ್ಲ.

ಆ ದಿನ ನೀರು ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಅಣ್ಣಪ್ಪನ ದೋಣಿಯಲ್ಲಿದ್ದ ಗೋಯಿಂದ ಆಮೇಲೆ ಹೇಳಿದ್ದು ಇದು. ದಕ್ಕೆ ಬಿಡುವಾಗಲೇ ಅಣ್ಣಪ್ಪ ಗಾಳಿಗೆ ಬೆರಳು ಹಿಡಿದು, “ಸಮ ಇಲ್ಲೆ ಮಾರಾಯ, ಕಡ್ಲ್ ಉಸ್ರ್ ಹಿಡ್ಕಂಡ ಹಾಂಗೆ ಇತ್ತ್,” ಎಂದಿದ್ದನಂತೆ. ತಿರುವಿನಲ್ಲಿ ಎಂಜಿನ್ ತಗ್ಗಿಸಿದಾಗಲೂ ಹೋಗುವುದೋ ಬೇಡವೋ ಎಂಬ ಮಾತೇ ನಡೆದಿತ್ತು. ಆಗ ಕಿಟಕಿಯಲ್ಲಿ ಗುಲಾಬಿ ಕಂಡಳು. ಪೂರ್ತಿ ಬಿಸಿಲಿನಲ್ಲಿ, ಮಡಿಲಲ್ಲಿ ಮೊರ ಇಟ್ಟುಕೊಂಡು. ಅಣ್ಣಪ್ಪ ಕೈಯೆತ್ತಿದ. ಅವಳೂ ಕೈಯೆತ್ತಿದಳು. ಬಾಯಿ ತುಂಬ ನಗುತ್ತಿದ್ದಳು.

“ಅಕ್ಕ ಕೂಕಂಡಿತ್ತ್ ಕಾಣ್,” ಎಂದನಂತೆ ಅಣ್ಣಪ್ಪ. “ಹೋಪ.”

ಅವನು ಕೈಯಾರೆ ಮುರಿದು ಕೊಟ್ಟ ಮಾತ್ರೆ. ದಕ್ಕೆಯಲ್ಲಿ ಎಲ್ಲರನ್ನೂ ಗದರಿದವನು ಅವನು. ಆ ಹೊತ್ತಿನಲ್ಲಿ ಅವನಿಗೆ ಅದು ನೆನಪಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದ್ದದ್ದು ತಲೆಗೆ. ನಂಬಿದ್ದು ಕಣ್ಣು, ಚಿಕ್ಕಂದಿನಿಂದ ನಂಬಿದ ಕಣ್ಣು. ಹಿಂದಿದ್ದ ಎರಡು ದೋಣಿಗಳು ಅಣ್ಣಪ್ಪ ಹೋದುದನ್ನು ಕಂಡು ಹೊರಟವು.

ಕೇಂದ್ರದಲ್ಲಿ ತಾರಿಬಾಗಿಲಿನ ಗೆರೆ ಬೂದಾಗಿತ್ತು. ಬಡಗಣದ ಊರಿನ ಗೆರೆ ಕೆಂಪಾದದ್ದೇ ಸುಕನ್ಯಾ ರೇಡಿಯೋ ಒತ್ತಿದಳು. ಎಲ್ಲ ದೋಣಿಗಳೂ ಮರಳಬೇಕು, ಎಲ್ಲ ದೋಣಿಗಳೂ. ಉತ್ತರ ಬಂತು. ಅಣ್ಣಪ್ಪನ ದನಿಯೇ. “ತಿರ್ಗ್ಸಿದೆ ಸುಕನ್ಯಕ್ಕ. ಬತ್ತಾ ಇತ್ತ್, ನಂಗೂ ಕಾಂತ್.” ಅವಳು ತನ್ನ ಅಭ್ಯಾಸದಂತೆ ಮತ್ತೊಮ್ಮೆ ಕರೆದಳು, ಮತ್ತೊಮ್ಮೆ ಕರೆದಳು. ಹಿಂದಿನ ಎರಡು ದೋಣಿಗಳು ಅಳಿವೆಯ ಒಳಗೆ ಬಂದವು. ಅಣ್ಣಪ್ಪನ ದೋಣಿ ದಿಬ್ಬದ ಹತ್ತಿರ ಬಂದು ಮಗುಚಿತು, ಮನೆಯಿಂದ ಕಾಣುವಷ್ಟು ಹತ್ತಿರದಲ್ಲಿ. ಮೂವರು ಈಜಿ ದಡ ಸೇರಿದರು. ಅಣ್ಣಪ್ಪ ಸೇರಲಿಲ್ಲ.

ಗುಲಾಬಿ ಇದನ್ನೆಲ್ಲ ಕಿಟಕಿಯಿಂದಲೇ ಕಂಡಳು. ಅವಳ ತಲೆ ತಿಳಿಯಾಗಿತ್ತು. ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿತ್ತು.

ಬೊಜ್ಜ, ಅಂದರೆ ಅಣ್ಣಪ್ಪನ ಉತ್ತರಕ್ರಿಯೆ, ಮುಗಿದ ಮೇಲೆ ಸುಕನ್ಯಾ ಬಂದಳು. ಗುಲಾಬಿ ಮೂಲೆಯ ಚಾಪೆಯ ಮೇಲೆ ಕುಳಿತಿದ್ದಳು. ಕಿಟಕಿ ಮುಚ್ಚಿತ್ತು.

“ಸುಕನ್ಯಾ, ಒಂದ್ ಹೇಳ್,” ಎಂದಳು. “ನಂಗೆ ಮೊದ್ಲೆಲ್ಲ ನೋವ್ ಬಪ್ಪುಕ್ ಮುಂಚೆ ಆಕ್ಳಿಕಿ ಬತ್ತಿತ್ತ್. ಅವತ್ತ್ ಬೆಳಿಗ್ಗೆ ಬಂದಿತ್ತಾ? ಬಂದ ಹಾಂಗೂ ಕಾಂತ್. ಬಾರದ ಹಾಂಗೂ ಕಾಂತ್. ಬಂದಿದ್ರೆ ನಂಗೆ ಗೊತ್ತಾಯ್ಕಿತ್ತ್ ಅಲ್ದಾ?”

ಸುಕನ್ಯಾಗೆ ತನ್ನದೇ ಪ್ರಶ್ನೆಗಳಿದ್ದವು. ಬಡಗಣದ ಗೆರೆ ಕೆಂಪಾಗುವ ಮುಂಚೆ ಸ್ವಲ್ಪ ನಡುಗಿತ್ತೇ? ತಾನು ಖಚಿತಪಡಿಸಿಕೊಳ್ಳಲು ಒಂದು ಉಸಿರು ತಡೆದೆನೇ? ಮೈಕಿನಲ್ಲಿ ಸಾರಿದ ದಿನ, ಕಿಟಕಿಯನ್ನೇ ಮುಚ್ಚಿಡಿ ಎಂದು ತನಗೇಕೆ ಹೊಳೆಯಲಿಲ್ಲ? ಹೊಳೆದಿದ್ದರೂ, ಆ ಬೆಳಕು ಕಂಡವಳಿಗೆ ಹೇಳಲು ಬಾಯಿ ಬರುತ್ತಿತ್ತೇ?

“ಆ ಮಾತ್ರೆ ತೆಗೆದುಕೊಂಡವರಿಗೆಲ್ಲ ಆಕಳಿಕೆ ಬರುತ್ತದೆ ಗುಲಾಬಕ್ಕ. ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ,” ಎಂದಳು. ಅದು ನಿಜವೇ. ನಿಜವಾದರೂ ಆ ಹೆಂಗಸಿಗೆ ಏನೂ ಕೊಡಲಿಲ್ಲ.

“ನಾ ಮಾತ್ರಿ ಬಿಟ್ಟೆ. ಪಟ್ಟಿ ಕಟ್ಟ್.”

“ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು ಅಂತ ಡಾಕ್ಟರ್...”

“ಬರ್ಲಿ. ಅದ್ರ್ ಹಿಂದೆ ನೋವೂ ಬತ್ತ್. ಬರ್ಲಿ.”

ಸುಕನ್ಯಾ ಪಟ್ಟಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ತಂದಿದ್ದಳು. ಅಧಿಕಾರಿ ಏನೂ ಹೇಳಿರಲಿಲ್ಲ, ತಾನಾಗಿಯೇ ಎತ್ತಿಟ್ಟುಕೊಂಡು ಬಂದಿದ್ದಳು. ತಂದೆನಲ್ಲ ಎಂದು ಈಗ ಚೀಲವನ್ನು ಬೆನ್ನ ಹಿಂದೆ ಸರಿಸಿದಳು.

ಅಡುಗೆಮನೆಯಿಂದ ಕುಸುಮ ಬಂದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ. ಗುಲಾಬಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು.

“ತಕೋ ಅಕ್ಕ.”

“ನಿಂಗೆ ನನ್ ಮೇಲೆ ಸಿಟ್ಟಿಲ್ಯಾ ಕುಸುಮ?”

“ಇಲ್ಲೆ ಅಂದ್ರೆ ಸುಳ್ಳಾತ್ತ್. ಇತ್ತ್. ಅವ್ರ್ ಮೇಲೂ ಇತ್ತ್. ಎಲ್ಲಾ ಗೊತ್ತಿದ್ದೂ ಕಂಡ್ರಲ್ಲ, ಅವ್ರ್ ಮೇಲೆ ಹೆಚ್ಚ್.” ಅವಳು ಮುಚ್ಚಿದ ಕಿಟಕಿಯ ಕಡೆ ತಿರುಗಿದಳು. “ಆ ಕಿಟ್ಕಿ ಮೇಲೆ ಎಲ್ಲಕ್ಕಿಂತ ಹೆಚ್ಚ್. ನೀ ನೋವ್ ತಿಂಬ್ದ್ ಕಂಡ್ ಅವ್ರ್ ಜಗ್ಲಿಯಂಗೆ ಕೂಕಂಡ್ ಅಳ್ತಿದ್ರ್. ನಿಂಗೆ ಗೊತ್ತಿಲ್ಲೆ. ಬೀಡಿ ಹೊಗಿ ಕಣ್ಣಿಗ್ ಹೋಯ್ತ್ ಅಂತಿದ್ರ್, ಬೀಡಿ ಹಚ್ಚದೇ. ನೀ ಮತ್ತೆ ಅದೇ ಚಾಪಿ ಮೇಲೆ ಬಿದ್ಕಂಡ್ರೆ ಅವ್ರ್ ಹೋದದ್ದ್ ಎಂತಕೆ? ತಕೋ. ನಂಗೆ ಇನ್ನೊಂದ್ ಹೆಣ ಹೊರೂಕೆ ಆತಿಲ್ಲೆ.”

ಗುಲಾಬಿ ಬಾಯಿ ತೆರೆಯಲಿಲ್ಲ. ಕುಸುಮ ಕೈ ಚಾಚಿಕೊಂಡೇ ಇದ್ದಳು. ಕೊನೆಗೆ ಗುಲಾಬಿ ಮಾತ್ರೆ ತೆಗೆದುಕೊಂಡು ನುಂಗಿದಳು. ನುಂಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಳುವಾಗ ತಲೆ ನೋಯಲಿಲ್ಲ. ಮೊದಲೆಲ್ಲ ಅತ್ತರೆ ತಲೆ ಸಿಡಿಯುತ್ತದೆಂದು ಅವಳು ಅಬ್ಬಿ ಸತ್ತಾಗಲೂ ಅತ್ತಿರಲಿಲ್ಲ. ಈಗ ಎಷ್ಟು ಬೇಕಾದರೂ ಅಳಬಹುದಾಗಿತ್ತು.

ಮಾರನೆಯ ದಿನ ಕುಸುಮಳೇ ಗೋಯಿಂದನನ್ನು ಕರೆಸಿದಳು. ಅವನು ಊರಿನ ನಾಲ್ಕು ಜನರನ್ನು ಕರೆತಂದ. ಮುರಕಲ್ಲು ಬಂತು, ಸಿಮೆಂಟು ಬಂತು. ಯಾರೂ ಕೂಲಿ ಕೇಳಲಿಲ್ಲ. ಕಿಟಕಿಯ ಚೌಕಟ್ಟು ಕಳಚುವಾಗ ಅದರ ಮೇಲಂಚಿನಲ್ಲಿ ಕಂಬಳಿಗೆಂದು ಅಬ್ಬಿ ಹೊಡೆದಿದ್ದ ಎರಡು ಮೊಳೆಗಳು ಇದ್ದವು. ಕಿತ್ತರೆ ಬರಲಿಲ್ಲ. ಚೌಕಟ್ಟಿನ ಜೊತೆಗೇ ಹೋದವು.

“ಬೆಳ್ಕ್ ಪೂರಾ ಹೋಪುದ್ ಬ್ಯಾಡ,” ಎಂದ ಗೋಯಿಂದ, ಗುಲಾಬಿಯ ಮುಖ ನೋಡದೆ. “ಮೂಡ್ ಬದಿಗೆ ಒಂದ್ ತೆಗಿತೊ. ಅಲ್ಲಿಂದ ತೆಂಗಿನ್ ಮರ ಕಾಂತ್, ರಸ್ತೆ ಕಾಂತ್.”

“ಕಡ್ಲ್?”

“ಕಾಂತಿಲ್ಲೆ ಗುಲಾಬಕ್ಕ.”

ಸಂಜೆಯ ಹೊತ್ತಿಗೆ ಕಡಲ ಕಡೆಯ ಗೋಡೆ ಪೂರ್ತಿ ಗೋಡೆಯಾಯಿತು. ಹೊಸ ಸುಣ್ಣ ಹೊಡೆದದ್ದರಿಂದ ಎಲ್ಲಿ ಕಿಟಕಿ ಇತ್ತೆಂದು ಹೊರಗಿನವರಿಗೆ ಗೊತ್ತಾಗುವಂತಿರಲಿಲ್ಲ. ಕೇಂದ್ರದ ಪರದೆಯ ಮೇಲೆ ತಾರಿಬಾಗಿಲಿನ ಗೆರೆ ಬೂದಾಗಿಯೇ ಉಳಿಯಿತು. ಕಡಲತಳದ ಉಪಕರಣಗಳು ಬರುವ ತನಕ ಅದು ಹಾಗೇ ಇರಬೇಕು. ಸುಕನ್ಯಾ ದಿನವೂ ಮೊದಲು ಆ ಗೆರೆಯನ್ನೇ ನೋಡುತ್ತಾಳೆ. ಅದರಲ್ಲಿ ನೋಡಲು ಏನೂ ಇಲ್ಲ.

ಹೆಚ್ಚು ದಿನ ದೋಣಿಗಳು ದಕ್ಕೆಯಲ್ಲಿ ಕುಳಿತಿರಲು ಆಗುವುದಿಲ್ಲ. ಒಂದು ಬೆಳಿಗ್ಗೆ ಗುಲಾಬಿ ಮೂಡಣದ ಕಿಟಕಿಯ ಬಿಸಿಲಿನಲ್ಲಿ ಅಣ್ಣಪ್ಪನ ಬಲೆಯನ್ನು ಮಡಿಲಲ್ಲಿ ಹರಡಿಕೊಂಡು ಹೆಣೆಯುತ್ತಿದ್ದಳು. ಅದು ಈಗ ಗೋಯಿಂದ ಸೇರಿಕೊಂಡ ಬೇರೆ ದೋಣಿಗೆ ಹೋಗಬೇಕಾದ ಬಲೆ. ಎಡಗಡೆಯ ಕಣ್ಣುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿಕೊಳ್ಳುತ್ತಿದ್ದಳು. ಬೆನ್ನ ಹಿಂದೆ, ಗೋಡೆಯಾಚೆ, ಮೊದಲ ದೋಣಿಯ ಸದ್ದು ಕೇಳಿತು. ತಿರುವಿಗೆ ಬಂದು ಎಂಜಿನ್ ತಗ್ಗಿತು. ದಿಬ್ಬ ದಾಟಲು ಎಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಹೊತ್ತು ಆ ಸದ್ದು ಅಲ್ಲೇ ನಿಂತಿತು.

ಅವರು ಗೋಡೆ ನೋಡುತ್ತಿದ್ದರು.

ಆಮೇಲೆ ಎಂಜಿನ್ ಜೋರಾಯಿತು, ಕಡಲಿನ ಕಡೆಗೋ ದಕ್ಕೆಯ ಕಡೆಗೋ ಎಂದು ತಿಳಿಯುವಷ್ಟರಲ್ಲಿ ಅಲೆಯ ಮೊರೆತದಲ್ಲಿ ಕಲೆತುಹೋಯಿತು. ಗುಲಾಬಿಯ ಬಲಗೈ ತಾನಾಗಿಯೇ ಅರ್ಧ ಮೇಲೆದ್ದಿತ್ತು. ಅದನ್ನು ಇಳಿಸಿ, ಬಲೆಯಲ್ಲಿ ಬಿಟ್ಟ ಜಾಗವನ್ನು ಹುಡುಕತೊಡಗಿದಳು.